ಹಾಲಿವುಡ್‌ನ ‘ಸುವರ್ಣಯುಗ’: ಒಂದು ಪರಿಕಲ್ಪನೆಯ ಮರುಚಿಂತನೆ

1

ಚರಿತ್ರೆಯ ಯಾವುದೇ ಕಾಲಘಟ್ಟವನ್ನು ‘ಸುವರ್ಣಯುಗ’ವೆಂದು ಕರೆದಾಗ ಅಲ್ಲಿ ಪ್ರಶಂಸೆಯ ಜೊತೆಗೆ ಒಂದು ತೀರ್ಪೂ ಅಡಗಿರುತ್ತದೆ. ತೀರ್ಪು ಹೊರಬಿದ್ದ ಮೇಲೆ ಸಾಕ್ಷ್ಯಗಳನ್ನು ಮರಳಿ ಪರಿಶೀಲಿಸುವ ಅಗತ್ಯವಿಲ್ಲವೆಂಬ ಭಾವನೆ ತಾನಾಗಿಯೇ ನೆಲೆಗೊಳ್ಳುತ್ತದೆ. ಹತ್ತನೆಯ ಶತಮಾನವನ್ನು ಕನ್ನಡ ಸಾಹಿತ್ಯದ ಸುವರ್ಣಯುಗವೆಂದು ಗುರುತಿಸಿದ್ದು, ಅನಂತರದ ತಲೆಮಾರಿನ ವಿದ್ವಾಂಸರು ಆ ಗುರುತಿಸುವಿಕೆಯ ಹಿಂದಿನ ಗೃಹೀತಗಳನ್ನು ಪ್ರಶ್ನಿಸಿದ್ದು ಕನ್ನಡ ಅಧ್ಯಾಪಕರಿಗೆಲ್ಲ ಪರಿಚಿತವಾದ ಸಂಗತಿ. ಸಾಹಿತ್ಯಚರಿತ್ರೆಯಲ್ಲಿ ತೋರಿದ ಈ ಎಚ್ಚರವನ್ನು ಚಲನಚಿತ್ರದ ಅಧ್ಯಯನದಲ್ಲಿ ಅಷ್ಟಾಗಿ ಕಾಣಲಾಗುವುದಿಲ್ಲ. ಮಾತು ಬಂದ 1927ರ ‘ದಿ ಜಾಝ್ ಸಿಂಗರ್’ ಚಿತ್ರದಿಂದ ಸುಮಾರು 1960ರವರೆಗಿನ ಅಮೆರಿಕದ ಚಲನಚಿತ್ರಗಳನ್ನು ‘ಹಾಲಿವುಡ್‌ನ ಸುವರ್ಣಯುಗ’ವೆಂದು ಕರೆಯುವುದು ರೂಢಿಯಾಗಿದೆ. ಕೆಲವು ಮಹಾನ್ ನಿರ್ದೇಶಕರು, ಕೆಲವು ತಾರೆಯರು, ಕೆಲವು ಅಭಿಜಾತ ಕೃತಿಗಳು ಎಂಬ ಪಟ್ಟಿಯಲ್ಲಿ ಈ ಯುಗದ ವಿವರಣೆ ಮುಗಿದುಹೋಗುತ್ತದೆ. ಜನಾಂಗಭೇದ, ಸೆನ್ಸಾರಿನ ಕಟ್ಟುಪಾಡು, ಲೇಖಕರ ಬಹಿಷ್ಕಾರ ಮೊದಲಾದುವನ್ನು ಪ್ರಸ್ತಾಪಿಸಿದರೂ ಅವು ಚಂದ್ರನೊಳಗಿನ ಕಲೆಯಂತೆ, ಯುಗದ ಒಟ್ಟು ಕಾಂತಿಗೆ ಧಕ್ಕೆ ತರದ ಆಕಸ್ಮಿಕಗಳಾಗಿ ನಿಲ್ಲುತ್ತವೆ.

ಈ ನಿಲುವನ್ನು ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಕಾಲದ ಅಮೆರಿಕದ ಚಿತ್ರಗಳ ಹಿರಿಮೆಯೂ ಅಲ್ಲಿನ ಅನ್ಯಾಯವೂ ಬೇರೆ ಬೇರೆ ಮೂಲಗಳಿಂದ ಬಂದುವಲ್ಲ. ಒಂದೇ ಉತ್ಪಾದನಾ ವ್ಯವಸ್ಥೆ ಅವೆರಡನ್ನೂ ಹುಟ್ಟಿಸಿತು. ಆದ್ದರಿಂದ ಒಂದನ್ನು ಮುಖ್ಯಪಠ್ಯವನ್ನಾಗಿಯೂ ಇನ್ನೊಂದನ್ನು ಅಡಿಟಿಪ್ಪಣಿಯನ್ನಾಗಿಯೂ ಓದುವುದು ಪಠ್ಯವನ್ನೇ ತಪ್ಪಾಗಿ ಓದಿದಂತೆ.

2

ವ್ಯವಸ್ಥೆಯ ಸ್ವರೂಪವನ್ನು ಮೊದಲು ಗಮನಿಸಬೇಕು. ಎಂಜಿಎಂ, ಪ್ಯಾರಾಮೌಂಟ್, ವಾರ್ನರ್ ಬ್ರದರ್ಸ್, ಟ್ವೆಂಟಿಯತ್ ಸೆಂಚುರಿ ಫಾಕ್ಸ್, ಆರ್‌ಕೆಒ ಎಂಬ ಐದು ದೊಡ್ಡ ಕಂಪನಿಗಳು ಚಿತ್ರವನ್ನು ನಿರ್ಮಿಸುತ್ತಿದ್ದವು, ತಾವೇ ವಿತರಿಸುತ್ತಿದ್ದವು, ತಮ್ಮದೇ ಚಿತ್ರಮಂದಿರಗಳಲ್ಲಿ ಪ್ರದರ್ಶಿಸುತ್ತಿದ್ದವು. ಯೂನಿವರ್ಸಲ್, ಕೊಲಂಬಿಯಾ, ಯುನೈಟೆಡ್ ಆರ್ಟಿಸ್ಟ್ಸ್ ಎಂಬ ಮೂರು ಕಂಪನಿಗಳು ಎರಡನೆಯ ಸಾಲಿನಲ್ಲಿದ್ದವು. ಸ್ವತಂತ್ರ ಚಿತ್ರಮಂದಿರದವನಿಗೆ ಒಂದು ಜನಪ್ರಿಯ ಚಿತ್ರ ಬೇಕಾದರೆ ಅದೇ ಕಂಪನಿಯ ಹಲವು ಸಾಧಾರಣ ಚಿತ್ರಗಳನ್ನೂ ಒಟ್ಟಾಗಿ ಪಡೆಯಬೇಕಾಗಿದ್ದ ‘ಬ್ಲಾಕ್ ಬುಕಿಂಗ್’ ಪದ್ಧತಿ ಈ ವ್ಯಾಪಾರದ ಬೆನ್ನೆಲುಬಾಗಿತ್ತು. ಪ್ರದರ್ಶನಕ್ಕೆ ಮಂದಿರ ಖಚಿತವಾಗಿದ್ದುದರಿಂದ ನಿರ್ಮಾಣವೂ ವರ್ಷವಿಡೀ ನಿಲ್ಲದೆ ನಡೆಯಬಹುದಾಗಿತ್ತು.

ನಿಲ್ಲದೆ ನಡೆಯುವ ಈ ನಿರ್ಮಾಣಕ್ಕೆ ನಟರು, ನಿರ್ದೇಶಕರು, ಲೇಖಕರು, ಛಾಯಾಗ್ರಾಹಕರು, ಸಂಗೀತಗಾರರು, ದರ್ಜಿಗಳು, ಬಡಗಿಗಳು ಒಂದೇ ಆವರಣದೊಳಗೆ ದುಡಿಯುವ ಅಗತ್ಯವಿತ್ತು. ನಟನಟಿಯರನ್ನು ಸಾಮಾನ್ಯವಾಗಿ ಏಳು ವರ್ಷಗಳ ಕರಾರಿನಲ್ಲಿ ಬಂಧಿಸಲಾಗುತ್ತಿತ್ತು. ಕೊಟ್ಟ ಪಾತ್ರವನ್ನು ನಿರಾಕರಿಸಿದರೆ ಅಮಾನತು. ಅಮಾನತಿನ ಅವಧಿಯನ್ನು ಕರಾರಿನ ಕೊನೆಗೆ ಸೇರಿಸಿ ಬಂಧನವನ್ನು ಬೆಳೆಸುವ ಪರಿಪಾಠವೂ ಇತ್ತು. ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಇದರ ವಿರುದ್ಧ ವಾರ್ನರ್ ಬ್ರದರ್ಸ್ ಮೇಲೆ ದಾವೆ ಹೂಡಿದಳು. ಏಳು ವರ್ಷವೆಂದರೆ ಪಂಚಾಂಗದ ಏಳು ವರ್ಷ ಮಾತ್ರವೆಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 1944ರಲ್ಲಿ ತೀರ್ಪಿತ್ತಿತು.

ಮೂರನೆಯ ಅಂಗ ನೈತಿಕ ನಿಯಂತ್ರಣದ್ದು. ಚಲನಚಿತ್ರ ನಿರ್ಮಾಣ ಸಂಹಿತೆಯನ್ನು ಉದ್ಯಮವು 1930ರಲ್ಲಿ ಅಂಗೀಕರಿಸಿತು. 1934ರಿಂದ ಜೋಸೆಫ್ ಬ್ರೀನ್ ಮುಖ್ಯಸ್ಥನಾಗಿದ್ದ ಕಚೇರಿ ಅದನ್ನು ಬಿಗಿಯಾಗಿ ಜಾರಿಗೊಳಿಸಿತು. ಕಚೇರಿಯ ಮುದ್ರೆಯಿಲ್ಲದೆ ಚಿತ್ರವನ್ನು ಹೊರತಂದ ಸದಸ್ಯ ಕಂಪನಿಗೆ 25,000 ಡಾಲರ್ ದಂಡ ವಿಧಿಸುವ ನಿಯಮವಿತ್ತು. ಚಿತ್ರ ತಯಾರಾದ ಮೇಲೆ ಕತ್ತರಿಸುವುದಕ್ಕಿಂತ ಚಿತ್ರಕಥೆಯ ಹಂತದಲ್ಲೇ ತಿದ್ದಿಸುವುದು ಈ ಕಚೇರಿಯ ಕ್ರಮ. ಹೀಗೆ ನಿಯಂತ್ರಕನೂ ಬರವಣಿಗೆಯ ಮೇಜಿನಲ್ಲಿ ಒಂದು ಸ್ಥಾನ ಪಡೆದ. ಸಂಹಿತೆ 1968ರಲ್ಲಿ ಶ್ರೇಣೀಕರಣ ಪದ್ಧತಿಗೆ ಎಡೆಮಾಡಿಕೊಡುವವರೆಗೂ ಯಾವುದಾದರೊಂದು ರೂಪದಲ್ಲಿ ಉಳಿಯಿತು.

ಏಕಸ್ವಾಮ್ಯ, ಕರಾರು, ಸಂಹಿತೆ ಎಂಬ ಈ ಮೂರು ಅಂಗಗಳೂ ಸ್ವಾತಂತ್ರ್ಯವನ್ನು ಹಿಡಿದಿಡುವಂಥವು. ಇಂಥ ವ್ಯವಸ್ಥೆಯಿಂದ ಕಲೆ ಹೇಗೆ ಹುಟ್ಟಿತು ಎಂಬುದು ಮುಖ್ಯ ಪ್ರಶ್ನೆ.

3

ಒಂದು ಚಿತ್ರವನ್ನು ಹತ್ತಿರದಿಂದ ನೋಡಿದರೆ ಉತ್ತರದ ದಾರಿ ತೋರುತ್ತದೆ. ‘ಕಾಸಾಬ್ಲಾಂಕಾ’ ನ್ಯೂಯಾರ್ಕಿನಲ್ಲಿ ಮೊದಲು ಪ್ರದರ್ಶನಗೊಂಡದ್ದು 1942ರ ನವೆಂಬರಿನಲ್ಲಿ. ದೇಶದಾದ್ಯಂತ ಬಿಡುಗಡೆಯಾದದ್ದು 1943ರ ಜನವರಿಯಲ್ಲಿ. ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ ಎಂಬ ಮೂರು ಆಸ್ಕರ್ ಪ್ರಶಸ್ತಿಗಳು ಅದಕ್ಕೆ ದೊರೆತವು. ಈ ಕೃತಿಯ ಕರ್ತೃ ಯಾರು? ಮೂಲ, ಮರ‍್ರೆ ಬರ್ನೆಟ್ ಮತ್ತು ಜೋನ್ ಆಲಿಸನ್ ಬರೆದು ಅದುವರೆಗೆ ರಂಗವೇರದೆ ಉಳಿದಿದ್ದ ಒಂದು ನಾಟಕ. ಚಿತ್ರಕಥೆಯನ್ನು ಅವಳಿ ಸಹೋದರರಾದ ಜೂಲಿಯಸ್ ಮತ್ತು ಫಿಲಿಪ್ ಎಪ್‌ಸ್ಟೈನ್ ಹಾಗೂ ಹೊವರ್ಡ್ ಕೋಚ್ ಬರೆದರು. ಪ್ರಣಯದ ಭಾಗಗಳನ್ನು ತಿದ್ದಿದ ಕೇಸಿ ರಾಬಿನ್ಸನ್‌ನ ಹೆಸರು ಪರದೆಯ ಮೇಲೆ ಬರಲಿಲ್ಲ. ನಿರ್ಮಾಪಕ ಹಾಲ್ ವಾಲಿಸ್ ಆದಿಯಿಂದ ಅಂತ್ಯದವರೆಗೂ ಕೈಯಾಡಿಸಿದ. ನಿರ್ದೇಶಕ ಮೈಕೆಲ್ ಕರ್ಟಿಜ್ ಹಂಗೇರಿಯಿಂದ ಬಂದವನು. ಸಂಗೀತ ನೀಡಿದ ಮ್ಯಾಕ್ಸ್ ಸ್ಟೈನರ್ ವಿಯೆನ್ನಾದಲ್ಲಿ ಹುಟ್ಟಿದವನು. ಚಿತ್ರೀಕರಣ ಆರಂಭವಾದಾಗ ಚಿತ್ರಕಥೆ ಪೂರ್ಣಗೊಂಡಿರಲಿಲ್ಲ. ಏಕಕವಿಕೇಂದ್ರಿತ ಓದಿಗೆ ಈ ಪಠ್ಯ ಒಗ್ಗುವುದೇ ಇಲ್ಲ.

ನಟವರ್ಗವನ್ನು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಪರದೆಯ ಮೇಲೆ ಹೆಸರು ಪಡೆದ 14 ನಟರಲ್ಲಿ ಅಮೆರಿಕದಲ್ಲಿ ಹುಟ್ಟಿದವರು ಹಂಫ್ರಿ ಬೋಗಾರ್ಟ್, ಡೂಲಿ ವಿಲ್ಸನ್, ಜಾಯ್ ಪೇಜ್ ಎಂಬ ಮೂವರು ಮಾತ್ರ. ನಾಜಿ ಮೇಜರನ ಪಾತ್ರ ವಹಿಸಿದ ಕಾನ್ರಾಡ್ ವೈಟ್ 1933ರಲ್ಲಿ ನಾಜಿಗಳ ಜರ್ಮನಿಯನ್ನು ತೊರೆದು ಬಂದವನು. ಜೂಜುಕಟ್ಟೆಯ ನೌಕರನಾಗಿ ಕಾಣಿಸಿಕೊಳ್ಳುವ ಮಾರ್ಸೆಲ್ ದಾಲಿಯೊ ಫ್ರಾನ್ಸಿನಲ್ಲಿ ಹೆಸರಾಂತ ನಟನಾಗಿದ್ದವನು. ಅವನೂ ಅವನ ಪತ್ನಿ ಮ್ಯಾಡಲೀನ್ ಲಬೋ ಸಹ 1940ರಲ್ಲಿ ಜರ್ಮನ್ ಸೇನೆ ನುಗ್ಗಿದಾಗ ತಾಯ್ನಾಡನ್ನು ಬಿಟ್ಟು ಓಡಿಬಂದವರು. ಪಾನಗೃಹದಲ್ಲಿ ಜರ್ಮನ್ ಅಧಿಕಾರಿಗಳ ಹಾಡನ್ನು ಅಡಗಿಸುವಂತೆ ಫ್ರೆಂಚ್ ರಾಷ್ಟ್ರಗೀತೆಯನ್ನು ಎಲ್ಲರೂ ಎದ್ದುನಿಂತು ಹಾಡುವ ದೃಶ್ಯದಲ್ಲಿ ಲಬೋಳ ಕಣ್ಣೀರು ಅಭಿನಯದ ಗಡಿಯನ್ನು ದಾಟಿದಂತೆ ತೋರುವುದಕ್ಕೆ ಈ ಹಿನ್ನೆಲೆ ಇದೆ. ಕರಾರಿನ ಮೇಲೆ ನಟರನ್ನು ಕೂಡಿಹಾಕಿಕೊಳ್ಳುವ, ಬೇಕಾದಾಗ ಇನ್ನೊಂದು ಕಂಪನಿಯಿಂದ ಎರವಲು ತರುವ ಕಾರ್ಖಾನೆಯೊಂದು ಇಲ್ಲದಿದ್ದರೆ ಇಷ್ಟು ಜನ ದೇಶಭ್ರಷ್ಟರು ಒಂದೇ ಆವರಣದಲ್ಲಿ ಸೇರುವುದು ಸಾಧ್ಯವಿರಲಿಲ್ಲ.

ಸಂಹಿತೆಯ ಪಾತ್ರವೂ ಇಲ್ಲಿ ವಿಚಿತ್ರವಾದುದು. ವಿವಾಹಿತ ಸ್ತ್ರೀಯ ಪರಪುರುಷ ಪ್ರೇಮವನ್ನು ಆಕರ್ಷಕವಾಗಿ ತೋರುವಂತಿರಲಿಲ್ಲ. ಆದ್ದರಿಂದ ಪ್ಯಾರಿಸ್ಸಿನಲ್ಲಿ ಇಲ್ಸಾ ರಿಕ್‌ನನ್ನು ಪ್ರೀತಿಸಿದಾಗ ತನ್ನ ಪತಿ ಸತ್ತನೆಂದು ನಂಬಿದ್ದಳೆಂಬ ವಿವರ ಕಥೆಗೆ ಅನಿವಾರ್ಯವಾಯಿತು. ಕೊನೆಯಲ್ಲಿ ಅವಳು ಪತಿಯನ್ನು ತೊರೆದು ರಿಕ್‌ನೊಡನೆ ಉಳಿಯುವುದೂ ಸಂಹಿತೆಗೆ ಒಪ್ಪಿಗೆಯಾಗುವಂತಿರಲಿಲ್ಲ. ಹೊರಗಿನಿಂದ ಹೇರಿದ ಈ ನಿರ್ಬಂಧವನ್ನು ಲೇಖಕರು ತ್ಯಾಗದ ವಸ್ತುವನ್ನಾಗಿ ಮಾರ್ಪಡಿಸಿದರು; ವೈಯಕ್ತಿಕ ಪ್ರೇಮಕ್ಕಿಂತ ಯುದ್ಧಕಾಲದ ಕರ್ತವ್ಯ ದೊಡ್ಡದೆಂಬ ಅರ್ಥ ಅದರಿಂದಲೇ ಹೊಮ್ಮಿತು. ರಿಕ್‌ನ ಕೋಣೆಯಲ್ಲಿ ಇಬ್ಬರೂ ಅಪ್ಪಿಕೊಂಡ ಕ್ಷಣದಲ್ಲಿ ದೃಶ್ಯ ಕರಗಿ, ರಾತ್ರಿಯ ವಿಮಾನನಿಲ್ದಾಣದ ಗೋಪುರವೂ ಸುತ್ತುವ ಬೆಳಕೂ ಕೆಲವೇ ಸೆಕೆಂಡು ಕಾಣಿಸಿ, ಮತ್ತೆ ಕೋಣೆಗೆ ಮರಳಿದಾಗ ರಿಕ್ ಕಿಟಕಿಯ ಬಳಿ ಸಿಗರೇಟು ಸೇದುತ್ತ ನಿಂತಿರುತ್ತಾನೆ. ನಡುವೆ ನಡೆದುದೇನೆಂದು ಚಿತ್ರ ಹೇಳುವುದಿಲ್ಲ. ಏನೂ ನಡೆಯಲಿಲ್ಲವೆಂದು ತಿಳಿಯುವವರಿಗೂ, ನಡೆಯಿತೆಂದು ತಿಳಿಯುವವರಿಗೂ ಸಮಾನ ಅವಕಾಶವಿದೆ. ಧ್ವನಿಸಿದ್ಧಾಂತವನ್ನು ಪಾಠ ಹೇಳುವವರಿಗೆ ಇದಕ್ಕಿಂತ ಸುಲಭವಾದ ಆಧುನಿಕ ನಿದರ್ಶನ ಸಿಗಲಾರದು. ವಾಚ್ಯಕ್ಕೆ ಅಡ್ಡಿಯಾದಾಗ ಅರ್ಥ ವ್ಯಂಗ್ಯದ ದಾರಿಯನ್ನು ಹುಡುಕಿಕೊಂಡಿತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಸುವರ್ಣಯುಗದ ಪರವಾದ ವಾದ ಗೆದ್ದಂತಾಗುತ್ತದೆ. ಕಟ್ಟುಪಾಡು ಕಲೆಗೆ ಒಳಿತನ್ನೇ ಮಾಡಿತು ಎಂದು ಹಲವರು ಸಂತೋಷದಿಂದ ಬರೆದದ್ದೂ ಇದೆ. ಆದರೆ ಅದೇ ಸಂಹಿತೆ ಬೇರೆಯವರಿಗೆ ಏನು ಮಾಡಿತೆಂಬುದನ್ನು ನೋಡದೆ ಈ ಮಾತನ್ನು ಒಪ್ಪಲಾಗದು.

4

‘ಕಾಸಾಬ್ಲಾಂಕಾ’ದ ಸ್ಯಾಮ್ ಪಾತ್ರವನ್ನು ನಿರ್ವಹಿಸಿದ ಡೂಲಿ ವಿಲ್ಸನ್ ಆಫ್ರಿಕನ್-ಅಮೆರಿಕನ್ ಗಾಯಕ. ಚಿತ್ರದ ಭಾವಕೋಶವೆಲ್ಲ ಅವನ ಕಂಠದಲ್ಲಿದೆ. ಆದರೂ ಸ್ಯಾಮ್‌ಗೆ ತನ್ನದೇ ಆದ ಒಂದು ಕಥೆಯಿಲ್ಲ. ಅವನ ಮನೆ, ಅವನ ಪ್ರೇಮ, ಅವನ ಭಯ ಯಾವುದೂ ಪ್ರೇಕ್ಷಕನಿಗೆ ತಿಳಿಯುವುದಿಲ್ಲ. ಬಿಳಿಯ ನಾಯಕನ ನೆನಪನ್ನು ಕಾಯುವುದಷ್ಟೇ ಅವನ ಕೆಲಸ. ನಾಜಿಗಳ ಜನಾಂಗದ್ವೇಷದಿಂದ ಪಾರಾಗಿ ಬಂದವರಿಗೆ ಆಶ್ರಯವಿತ್ತ ಅದೇ ಆವರಣದಲ್ಲಿ, ಆ ನೆಲದಲ್ಲೇ ಹುಟ್ಟಿದ ಕಪ್ಪು ಕಲಾವಿದನಿಗೆ ದೊರೆತ ಜಾಗ ಅಷ್ಟೇ ಆಗಿತ್ತು.

ಇದು ಒಂದು ಚಿತ್ರಕ್ಕೆ ಸೀಮಿತವಾದ ವಿಷಯವಲ್ಲ. ‘ಗಾನ್ ವಿತ್ ದಿ ವಿಂಡ್’ 1939ರ ಡಿಸೆಂಬರಿನಲ್ಲಿ ಅಟ್ಲಾಂಟಾ ನಗರದಲ್ಲಿ ವೈಭವದಿಂದ ಮೊದಲ ಪ್ರದರ್ಶನ ಕಂಡಾಗ, ಅದರಲ್ಲಿ ಪ್ರಮುಖ ಪಾತ್ರ ವಹಿಸಿದ ಹ್ಯಾಟಿ ಮೆಕ್‌ಡೇನಿಯಲ್ ಅಲ್ಲಿಗೆ ಹೋಗುವಂತಿರಲಿಲ್ಲ. ಜಾರ್ಜಿಯಾದ ಜನಾಂಗ ಪ್ರತ್ಯೇಕತೆಯ ನಿಯಮಗಳು ಅಡ್ಡವಾಗಿದ್ದವು. 1940ರಲ್ಲಿ ಆಸ್ಕರ್ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಕಲಾವಿದೆಯಾದಳು. ಆ ಸಮಾರಂಭದಲ್ಲಿಯೂ ಸಹನಟರ ಜೊತೆಯಲ್ಲಿ ಅವಳಿಗೆ ಆಸನವಿರಲಿಲ್ಲ, ಬೇರೊಂದು ಮೇಜಿನಲ್ಲಿ ಕೂಡಿಸಲಾಗಿತ್ತು. ಪ್ರಶಸ್ತಿ ಬಂದದ್ದೂ ದಾಸಿಯ ಪಾತ್ರಕ್ಕೇ.

ಸಂಹಿತೆಯ ಒಂದು ಕಲಮು ಬಿಳಿಯರು ಮತ್ತು ಕಪ್ಪು ಜನಾಂಗದವರ ನಡುವಣ ದೈಹಿಕ ಸಂಬಂಧದ ಚಿತ್ರಣವನ್ನು ನಿಷೇಧಿಸಿತ್ತು. ಆಚರಣೆಯಲ್ಲಿ ಅದರ ನೆರಳು ಏಷ್ಯಾ ಮೂಲದವರ ಮೇಲೂ ಬಿದ್ದಿತು. ಚೀನಾದ ರೈತಕುಟುಂಬದ ಕಥೆಯಾದ ‘ದಿ ಗುಡ್ ಅರ್ತ್’ 1937ರಲ್ಲಿ ತೆರೆಕಂಡಾಗ ನಾಯಕನ ಪಾತ್ರದಲ್ಲಿ ಪಾಲ್ ಮುನಿಯೂ ನಾಯಕಿಯ ಪಾತ್ರದಲ್ಲಿ ಲೂಯಿಸ್ ರೈನರ್ ಸಹ ಇದ್ದರು. ಚೀನೀ ಮೂಲದ ತಾರೆಯಾಗಿ ಆಗಲೇ ಹೆಸರು ಮಾಡಿದ್ದ ಆನಾ ಮೇ ವಾಂಗ್‌ಗೆ ಚೀನೀ ರೈತಹೆಂಗಸಿನ ಆ ಪಾತ್ರ ದಕ್ಕಲಿಲ್ಲ. ರೈನರ್‌ಗೆ ಅದೇ ಪಾತ್ರಕ್ಕಾಗಿ ಆಸ್ಕರ್ ಬಂದಿತು. ಇಲ್ಸಾ ಮತ್ತು ರಿಕ್‌ರ ನಡುವೆ ಧ್ವನಿಪೂರ್ಣ ಮೌನವನ್ನು ನಿರ್ಮಿಸಿದ ಸಂಹಿತೆಯೇ ಇಲ್ಲಿ ಒಬ್ಬ ಕಲಾವಿದೆಯ ಬದುಕಿನ ಮುಖ್ಯ ಅವಕಾಶವನ್ನು ಮುಚ್ಚಿದ ಕಾರಣಗಳಲ್ಲಿ ಒಂದಾಯಿತು. ಒಂದು ಮೌನದಲ್ಲಿ ಅರ್ಥ ಹುಟ್ಟಿತು; ಇನ್ನೊಂದರಲ್ಲಿ ಯಾವ ಅರ್ಥವೂ ಹುಟ್ಟಲಿಲ್ಲ.

ಈ ಸಂದರ್ಭದಲ್ಲಿ ಕನ್ನಡನಾಡಿಗೆ ನೇರವಾಗಿ ಸಂಬಂಧಿಸಿದ ಒಂದು ಉದಾಹರಣೆಯನ್ನು ನೆನೆಯಬೇಕು. ಮೈಸೂರು ಸಂಸ್ಥಾನದ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು, ಲಂಡನ್ನಿನ ಕಂಪನಿಯೊಂದು ತಯಾರಿಸಿದ ‘ಎಲಿಫೆಂಟ್ ಬಾಯ್’ ಚಿತ್ರದ ಮೂಲಕ 1937ರಲ್ಲಿ ಜಗತ್ತಿಗೆ ಪರಿಚಿತನಾದ. ‘ದಿ ಥೀಫ್ ಆಫ್ ಬಾಗ್ದಾದ್’ ಯುದ್ಧದ ಕಾರಣದಿಂದ ಅಮೆರಿಕದಲ್ಲಿ ಪೂರ್ಣಗೊಂಡು 1940ರಲ್ಲಿ ಹೊರಬಂದಿತು. 1942ರ ‘ಜಂಗಲ್ ಬುಕ್’ನಲ್ಲಿ ಅವನೇ ಮೌಗ್ಲಿ. ಅನಂತರ ಯೂನಿವರ್ಸಲ್ ಕಂಪನಿಗಾಗಿ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’ ಎಂಬ ವರ್ಣಚಿತ್ರಗಳಲ್ಲಿ ನಟಿಸಿದ. ಈ ಮೂರರಲ್ಲಿಯೂ ಪ್ರೇಮಿಯ ಪಾತ್ರ ಬಿಳಿಯ ನಟ ಜಾನ್ ಹಾಲ್‌ನದು. ಸಾಬುವಿಗೆ ಮೀಸಲಾದದ್ದು ನೆಚ್ಚಿನ ಸಂಗಾತಿಯ ಪಾತ್ರ. ಅರಬಸ್ತಾನ, ದಕ್ಷಿಣ ಸಮುದ್ರದ ದ್ವೀಪಗಳು, ಭಾರತದ ಕಾಡು ಇವುಗಳ ನಡುವೆ ಸ್ಟುಡಿಯೋದ ಕಲ್ಪನೆ ಯಾವ ಭೇದವನ್ನೂ ಎಣಿಸಲಿಲ್ಲ. ಎಲ್ಲಕ್ಕೂ ಒಂದೇ ಕಂದುಮೈ ಸಾಕಾಗಿತ್ತು. ಅವನು 1944ರಲ್ಲಿ ಅಮೆರಿಕದ ಪೌರನಾದ, ಅಲ್ಲಿನ ವಾಯುಪಡೆಯಲ್ಲಿ ಬಂದೂಕುಗಾರನಾಗಿ ಯುದ್ಧದಲ್ಲಿ ದುಡಿದು ಪದಕ ಪಡೆದ. ಯುದ್ಧಾನಂತರ ಅಮೆರಿಕದ ಚಿತ್ರಗಳಲ್ಲಿ ಅವನಿಗೆ ಹಿಂದಿನ ಸ್ಥಾನ ಮರಳಿ ಸಿಗಲಿಲ್ಲ. 1963ರಲ್ಲಿ, 39ನೆಯ ವಯಸ್ಸಿನಲ್ಲಿ ತೀರಿಕೊಂಡ. ಮಾವುತನ ಮಗನನ್ನು ಜಗದ್ವಿಖ್ಯಾತನನ್ನಾಗಿ ಮಾಡಿದ್ದು ಚಿತ್ರೋದ್ಯಮ. ಬೆಳೆದ ಮೇಲೂ ಅವನನ್ನು ಹುಡುಗನಾಗಿಯೇ ಉಳಿಸಿದ್ದೂ ಅದೇ. ಇದನ್ನು ‘ಕನ್ನಡನಾಡಿನ ಹುಡುಗನ ಸಾಧನೆ’ ಎಂದು ಮಾತ್ರ ಬರೆಯುವುದು ಅರ್ಧ ಸತ್ಯ.

5

ಯುಗದ ಅಂತ್ಯವೂ ಇದೇ ದ್ವಂದ್ವವನ್ನು ತೋರುತ್ತದೆ. 1947ರ ಅಕ್ಟೋಬರಿನಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿಯೊಂದು ಹಾಲಿವುಡ್‌ನಲ್ಲಿ ಕಮ್ಯುನಿಸ್ಟರನ್ನು ಹುಡುಕಲು ವಿಚಾರಣೆ ನಡೆಸಿತು. ಉತ್ತರಿಸಲು ನಿರಾಕರಿಸಿದ ಹತ್ತು ಮಂದಿ ಸೆರೆವಾಸ ಅನುಭವಿಸಿದರು. ಅವರಲ್ಲಿ ಹೆಚ್ಚಿನವರು ಚಿತ್ರಕಥಾ ಲೇಖಕರು. ಕಂಪನಿಗಳ ಮುಖ್ಯಸ್ಥರು ಅದೇ ನವೆಂಬರಿನಲ್ಲಿ ಸಭೆ ಸೇರಿ ಅಂಥವರಿಗೆ ಕೆಲಸ ಕೊಡುವುದಿಲ್ಲವೆಂದು ಘೋಷಿಸಿದರು. ‘ಕಾಸಾಬ್ಲಾಂಕಾ’ದ ಹೊವರ್ಡ್ ಕೋಚ್ ಮುಂದೆ ಕಪ್ಪುಪಟ್ಟಿಗೆ ಸೇರಿದ. ಅವನ ಮೇಲಿನ ಸಂಶಯಕ್ಕೆ ಆಧಾರವಾದುದರಲ್ಲಿ, ಸೋವಿಯತ್ ಒಕ್ಕೂಟ ಮಿತ್ರರಾಷ್ಟ್ರವಾಗಿದ್ದಾಗ ಅದೇ ವಾರ್ನರ್ ಬ್ರದರ್ಸ್‌ಗಾಗಿ ಬರೆದ, ಅದೇ ಕರ್ಟಿಜ್ ನಿರ್ದೇಶಿಸಿದ 1943ರ ‘ಮಿಷನ್ ಟು ಮಾಸ್ಕೋ’ ಚಿತ್ರವೂ ಒಂದು. ಕರಾರಿನ ಲೇಖಕನಾಗಿ ಕಂಪನಿ ವಹಿಸಿದ್ದನ್ನು ಬರೆದವನು, ಬರೆದುದಕ್ಕಾಗಿಯೇ ಹೊರಗಾದ.

ಡಾಲ್ಟನ್ ಟ್ರಂಬೋನ ಪ್ರಸಂಗ ಪಠ್ಯಸಂಶೋಧಕರಿಗೆ ವಿಶೇಷವಾಗಿ ಗಮನಾರ್ಹ. 1953ರ ‘ರೋಮನ್ ಹಾಲಿಡೇ’ ಚಿತ್ರದ ಕಥೆ ಅವನದು. ಪರದೆಯ ಮೇಲೂ ಪ್ರಶಸ್ತಿಯ ಮೇಲೂ ಇದ್ದದ್ದು ಅವನ ಸ್ನೇಹಿತ ಇಯಾನ್ ಮೆಕ್‌ಲೆಲನ್ ಹಂಟರ್‌ನ ಹೆಸರು. ಲೇಖಕರ ಸಂಘವು ಆ ಚಿತ್ರದ ಕರ್ತೃತ್ವವನ್ನು ಟ್ರಂಬೋಗೆ ಮರಳಿಸಿದ್ದು 2011ರಲ್ಲಿ, ಅವನು ಸತ್ತ 35 ವರ್ಷಗಳ ಮೇಲೆ. ಅಂಕಿತದ ಆಧಾರದ ಮೇಲೆ ಕರ್ತೃವನ್ನು ನಿರ್ಣಯಿಸುವ ಕಷ್ಟವನ್ನು ಬಲ್ಲ ಕನ್ನಡ ಸಂಶೋಧಕರಿಗೆ ಇಪ್ಪತ್ತನೆಯ ಶತಮಾನದಲ್ಲಿಯೂ ಆ ಕಷ್ಟ ತಪ್ಪಲಿಲ್ಲವೆಂಬುದು ತಿಳಿಯಬೇಕು.

1948ರ ಮೇ 3ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಪ್ಯಾರಾಮೌಂಟ್ ಮೊಕದ್ದಮೆಯಲ್ಲಿ ಕಂಪನಿಗಳ ವಿರುದ್ಧ ತೀರ್ಪಿತ್ತಿತು. ಬ್ಲಾಕ್ ಬುಕಿಂಗ್ ಕಾನೂನುಬಾಹಿರವಾಯಿತು, ಕಂಪನಿಗಳು ಕ್ರಮೇಣ ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ದೂರದರ್ಶನವೂ ಅದೇ ಕಾಲಕ್ಕೆ ಮನೆಗಳನ್ನು ಹೊಕ್ಕಿತು. ಏಕಸ್ವಾಮ್ಯ ಮುರಿದದ್ದು ನ್ಯಾಯವೇ. ಸ್ವತಂತ್ರ ನಿರ್ಮಾಪಕರಿಗೆ ಬಾಗಿಲು ತೆರೆಯಿತು; ಆದರೆ ನೂರಾರು ಕುಶಲಕರ್ಮಿಗಳನ್ನು ವರ್ಷವಿಡೀ ಪೋಷಿಸುತ್ತಿದ್ದ ಆವರಣವೂ ಕರಗಿತು. ಆ ತೀರ್ಪಿನಿಂದ ಹುಟ್ಟಿದ ನಿಬಂಧನೆಗಳನ್ನು ನ್ಯಾಯಾಲಯವೊಂದು 2020ರಲ್ಲಿ ಕೊನೆಗೊಳಿಸಿತು. ನ್ಯಾಯ ಬಂದಾಗ ಯುಗ ಮುಗಿಯಿತೆಂದರೆ, ಆ ಯುಗದ ‘ಸುವರ್ಣ’ ಎಂಥ ನೆಲದಲ್ಲಿ ಸಿಕ್ಕಿತ್ತೆಂಬುದನ್ನು ಊಹಿಸಬಹುದು.

6

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ವ್ಯವಸ್ಥೆಗೆ ಇಷ್ಟು ಒತ್ತುಕೊಟ್ಟರೆ ವ್ಯಕ್ತಿಪ್ರತಿಭೆಯ ಗತಿಯೇನು ಎಂಬುದು ಮೊದಲನೆಯದು. 1950ರ ದಶಕದಲ್ಲಿ ಫ್ರೆಂಚ್ ವಿಮರ್ಶಕರು ನಿರ್ದೇಶಕನೇ ಕರ್ತೃವೆಂಬ ವಾದವನ್ನು ಮಂಡಿಸಿದಾಗ, ಅವರ ಹಿರಿಯನಾದ ಆಂದ್ರೆ ಬಜಾನ್ 1957ರಲ್ಲಿಯೇ ಅಮೆರಿಕದ ಚಿತ್ರಗಳ ಹಿರಿಮೆ ಅಲ್ಲಿನ ವ್ಯವಸ್ಥೆಯ ಪ್ರತಿಭೆಯಲ್ಲಿಯೂ ಇದೆಯೆಂದು ಎಚ್ಚರಿಸಿದ್ದ. ‘ಸಿಟಿಜನ್ ಕೇನ್’ ಕುರಿತು 1971ರಲ್ಲಿ ಪಾಲೀನ್ ಕೇಲ್ ಲೇಖಕ ಹರ್ಮನ್ ಮ್ಯಾಂಕೀವಿಟ್ಸ್‌ಗೆ ಮುಖ್ಯ ಶ್ರೇಯಸ್ಸು ಸಲ್ಲಬೇಕೆಂದು ವಾದಿಸಿದಳು. ಚಿತ್ರಕಥೆಯ ಕರಡುಗಳನ್ನು ಪರಿಶೀಲಿಸಿದ ರಾಬರ್ಟ್ ಕ್ಯಾರಿಂಜರ್ ಆರ್ಸನ್ ವೆಲ್ಸ್‌ನ ಪಾಲೂ ಗಣನೀಯವೆಂದು ತೋರಿಸಿದ. ವಾದ ನಿರ್ಣಯವಾದದ್ದು ಅಭಿರುಚಿಯಿಂದಲ್ಲ, ಕರಡುಪ್ರತಿಗಳಿಂದ. ವ್ಯವಸ್ಥೆಯನ್ನು ಅರಿತರೆ ವ್ಯಕ್ತಿಯ ಪಾಲು ಅಳಿಸಿಹೋಗುವುದಿಲ್ಲ. ಅದು ಎಷ್ಟೆಂದು ಖಚಿತವಾಗುತ್ತದೆ.

ಎಲ್ಲ ಕಾಲದಲ್ಲಿಯೂ ಅನ್ಯಾಯವಿತ್ತು, ಕೃತಿ ಉಳಿಯಿತಲ್ಲ ಎಂಬುದು ಎರಡನೆಯ ಆಕ್ಷೇಪ. ಉಳಿಯುವಿಕೆಯೂ ಸಹಜ ಕ್ರಿಯೆಯಲ್ಲ. 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಬಿಡುಗಡೆಯಾದಾಗ ಹಾಕಿದ ಹಣವನ್ನೂ ಸರಿಯಾಗಿ ತರಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯ ನವೀಕರಣವಾಗದೆ ಹೋಗಿ, ದೂರದರ್ಶನ ಕೇಂದ್ರಗಳು ಮತ್ತೆಮತ್ತೆ ಪ್ರಸಾರ ಮಾಡಿದ ಮೇಲೆಯೇ ಅದು ಅಭಿಜಾತವೆನಿಸಿತು. ಇನ್ನೊಂದೆಡೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ 1912ರಿಂದ 1929ರವರೆಗಿನ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲರೂಪದಲ್ಲಿ ಪೂರ್ಣವಾಗಿ ಉಳಿದವು ಶೇ. 14 ಮಾತ್ರ. ಮಾತಿನ ಚಿತ್ರಗಳ ಯುಗ ಬಂಗಾರವಾಗಿ ಹೊಳೆಯುವುದಕ್ಕೆ ಅದರ ಹಿಂದಿನ ಯುಗ ನಾಶವಾದದ್ದೂ ಒಂದು ಕಾರಣವಿರಬಹುದು. ‘ಕವಿರಾಜಮಾರ್ಗ’ ಹೆಸರಿಸುವ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಕೃತಿಗಳನ್ನು ಕಾಣದವರು ಈ ಸಂಗತಿಯ ಗುರುತ್ವವನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು.

7

ಕನ್ನಡ ವಿಭಾಗಗಳಲ್ಲಿ ಚಲನಚಿತ್ರವನ್ನು ಪಠ್ಯವಾಗಿ ಓದುವಾಗ ಸಾಹಿತ್ಯದ ಓದಿನಿಂದ ಎರವಲು ತಂದ ‘ಕವಿ–ಕೃತಿ’ ಮಾದರಿಯೇ ಬಳಕೆಯಲ್ಲಿದೆ. ನಿರ್ದೇಶಕನ ಹೆಸರು, ಕಥಾಸಾರಾಂಶ, ಸಂದೇಶ ಎಂಬ ಮೂರು ಮೆಟ್ಟಿಲುಗಳಲ್ಲಿ ವಿಶ್ಲೇಷಣೆ ಮುಗಿಯುತ್ತದೆ. ವಿಪರ್ಯಾಸವೆಂದರೆ, ಬಹುಕರ್ತೃಕ ಪಠ್ಯವನ್ನು ಓದುವ ವಿಧಾನಗಳು ಕನ್ನಡ ಸಂಶೋಧನೆಗೆ ಹೊಸತೇನಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣನವರೆಗೆ ನಾಲ್ಕು ಬಾರಿ ಪರಿಷ್ಕಾರಗೊಂಡ ‘ಶೂನ್ಯಸಂಪಾದನೆ’ಯನ್ನು, ಹಲವು ಕಂಠಗಳಲ್ಲಿ ಬೆಳೆದ ಜನಪದ ಮಹಾಕಾವ್ಯಗಳನ್ನು ಓದಲು ರೂಪಿಸಿಕೊಂಡ ಸಲಕರಣೆಗಳು ಕೈಯಲ್ಲಿಯೇ ಇವೆ. ಯಾರು ಕೂಡಿಸಿದರು, ಯಾರು ತಿದ್ದಿದರು, ಯಾರ ಮಾತನ್ನು ಬಿಟ್ಟರು, ಯಾರ ಆಶ್ರಯದಲ್ಲಿ ಉಳಿಯಿತು ಎಂಬ ಪ್ರಶ್ನೆಗಳನ್ನು ಚಲನಚಿತ್ರಕ್ಕೂ ಕೇಳಬೇಕಾಗಿದೆ.

ಹಾಲಿವುಡ್‌ನ ಆ ಚಿತ್ರಗಳನ್ನು ತಿರಸ್ಕರಿಸಬೇಕೆಂಬುದು ಇದರ ಅರ್ಥವಲ್ಲ. ‘ಕಾಸಾಬ್ಲಾಂಕಾ’ ಇಂದಿಗೂ ಮನಸ್ಸನ್ನು ಕಲಕುತ್ತದೆ. ಅದನ್ನು ತರಗತಿಯಲ್ಲಿ ತೋರಿಸಲೇಬೇಕು. ಗೋಪುರದ ಬೆಳಕು ಸುತ್ತುವ ದೃಶ್ಯದಲ್ಲಿ ವಿದ್ಯಾರ್ಥಿ ಧ್ವನಿಯನ್ನು ಗುರುತಿಸಲಿ. ಪಿಯಾನೋದ ಮುಂದೆ ಕುಳಿತ ಸ್ಯಾಮ್‌ಗೆ ಕಥೆಯೇಕೆ ಇಲ್ಲವೆಂಬ ಪ್ರಶ್ನೆಯನ್ನೂ ಅದೇ ತರಗತಿಯಲ್ಲಿ, ಅದೇ ಗಂಭೀರತೆಯಿಂದ ಕೇಳುವಂತಾಗಲಿ. ಎರಡನೆಯ ಪ್ರಶ್ನೆ ಮೊದಲನೆಯ ಸುಖವನ್ನು ಕೆಡಿಸುವುದಿಲ್ಲ. ಆ ಸುಖಕ್ಕೆ ಬೆಲೆ ತೆತ್ತವರು ಯಾರೆಂಬುದು ಅದರಿಂದ ತಿಳಿಯುತ್ತದೆ. ಅಷ್ಟನ್ನು ತಿಳಿದ ಮೇಲೆಯೂ ‘ಸುವರ್ಣಯುಗ’ ಎಂಬ ಪದವನ್ನು ಬಳಸಬಹುದು. ಅದಕ್ಕೊಂದು ಪ್ರಶ್ನಾರ್ಥಕ ಚಿಹ್ನೆಯನ್ನು ಸೇರಿಸುವ ಹೊಣೆ ಮಾತ್ರ ಬಳಸುವವರದು.